ಪೈಲ್ವಾನನ ಪಾಲಿನ ಹಾಲು

ನಮ್ಮ ಮನ್ಯಾಗ ಎರಡೇ ಖೋಲಿ. ಮುಂದಿನ ಖೋಲ್ಯಾಗ ಎಮ್ಮಿ, ಹಿಂದಿನ ಖೋಲ್ಯಾಗ ನಾವು. ಗ್ವಾಡಿ ಪರಸಿ ಕಲ್ಲು, ನೆಲ ಪರಸಿ, ಮ್ಯಾಲ ಮಾಳಿಗೀನೂ ಪರಸಿ. ಶಹಾಬಾದದಾಗ ಕಲ್ಲಿಗೇನ ಬರ. ಅಪ್ಪ ಕಲ್ಲಿನ ಖಣ್ಯಾಗ ಪರಸಿ ಎಬ್ಬಸ್ತಿದ್ದ. ಒಡದದ್ದು, ಮೂಲಿ ಮುರದದ್ದು ಮನಿಗಿ ತಂದು ಹಾಸ್ತಿದ್ದ. ಅದಕ್ಕ ನಮ್ಮ ನೆಲದಾಗ ಒಂದ ಕಲ್ಲಿನಂಗ ಇನ್ನೊಂದ ಇದ್ದಿಲ್ಲ. ಬ್ಯಾಸಗ್ಯಾಗ ಮಾಳಿಗಿ ಕಾದು ಹಂಚಾಗ್ತಿತ್ತು. ಅವ್ವ ನೆಲಕ್ಕ ನೀರ ಹೊಡದು ಅದರ ಮ್ಯಾಲೇ ನಮಗ ಮಲಗಸ್ತಿದ್ಳು. ನಾನು, ನಮ್ಮಣ್ಣ ಸಿದ್ಯಾ, ಇಬ್ಬರಿಗೂ ಒಂದೇ ಕೌದಿ. ಅವ ವಯಸ್ಸಿನಾಗ ನನಗಿಂತ ಎರಡ ವರ್ಷ ದೊಡ್ಡಂವ, ಮೈಯಾಗ ನನಗಿಂತ ಸಣ್ಣಂವ. ಮುಂಜಾನಿ ಅಪ್ಪ ಎಮ್ಮಿ ಹಿಂಡ್ತಿದ್ದ. ಮೊದಲ ತಂಬಗಿ, ನೊರಿ ತುಂಬಿದ್ದು, ಭೀಮಶಾ ಪೈಲ್ವಾನಂದು. ಉಳದದ್ದು ಟೇಶನ್ ಹತ್ರದ ಹೋಟೆಲಿಗಿ. ನಮ್ಮ ಪಾಲಿಗಿ ಬೆಲ್ಲದ ಕರಿ ಚಾ. ಹಾಲ ಇರೋ ಮನ್ಯಾಗ ಹಾಲ ಕಾಣದಂಗ ಬೆಳದಂವ ನಾನು.

ಇದೇನು ಕೊಂಡ ಹಾಲಲ್ಲ, ಕೊಟ್ಟ ಹಾಲು. ಭೀಮಶಾ ಒಮ್ಮಿ ಸೊಲ್ಲಾಪುರ ಕಡಿಯಿಂದ ಬಂದ ದೊಡ್ಡ ಪೈಲ್ವಾನಗ ಎತ್ತಿ ಒಗದಿದ್ನಂತ. ಆವತ್ತ ಅಪ್ಪ ಮಂದ್ಯಾಗ ನಿಂತು, ಇನ್ನ ಮ್ಯಾಲ ನಮ್ಮ ಎಮ್ಮಿ ಮೊದಲ ಹಾಲು ನಿನ್ನ ಪಾಲು ಅಂತ ಒದರಿಬಿಟ್ಟ. ಕೆಲವ್ರು ಬದಾಮಿ ಕೊಡ್ತೀನಿ ಅಂದ್ರು, ಕೆಲವ್ರು ತುಪ್ಪ ಅಂದ್ರು. ಎಂಟ ದಿನ ಕೊಟ್ಟು ಬಿಟ್ರು. ಅಪ್ಪ ಬಿಡಲಿಲ್ಲ. ಇದರ ಸಲುವಾಗಿ ನಮ್ಮ ಮನ್ಯಾಗ ವಾರಕ್ಕೊಮ್ಮಿ ಜಗಳ.

“ಮಕ್ಕಳ ಬಾಯಾಗಿಂದು ಕಸಗೊಂಡು ಆ ಕ್ವಾಣನ ಬಾಯಾಗ ಹಾಕ್ತೀರಿ. ಅವ ನಿಮ್ಮ ಅಕ್ಕನ ಮಗ ಏನ್ರಿ?”

“ಶಹಾಬಾದದ ಹೆಸರು ವಾಡಿ, ಚಿತ್ತಾಪುರ ದಾಟಿ ಸೇಡಂ ತನಕ ಹೋಗ್ಯಾದಂದ್ರ ಅವನಿಂದ. ಅವನ ಮೈಯಾಗ ನಮ್ಮ ಎಮ್ಮಿ ಹಾಲ ಅದ, ತಿಳಿತೇನು?”

“ನಿಮ್ಮ ಮಕ್ಕಳ ಮೈಯಾಗ ಏನದ?”

“ಚಾ ಅದ.”

ಅಪ್ಪ ಹಿಂಗೇ ನಗಸಿ ಜಗಳ ಮುಗಸ್ತಿದ್ದ. ಅವ್ವ ನಗ್ತಿದ್ದಿಲ್ಲ.

ನನಗ ಹಾಲಿನ ಮ್ಯಾಲ ಆಶಾ ಇತ್ತು, ಖರೇ. ಆದ್ರ ಪೈಲ್ವಾನನ ಮ್ಯಾಲ ಅದಕ್ಕಿಂತ ಜಾಸ್ತಿ. ಹಜಾಮನ ಅಂಗಡ್ಯಾಗ ಅವನ ಫೋಟೋ ಇತ್ತು, ಕೈಗಿ ಬೆಳ್ಳಿ ಖಡೆ ಹಾಕ್ಕೊಂಡು ಎದಿ ಉಬ್ಬಿಸಿ ನಿಂತದ್ದು. ಅದನ್ನ ನೋಡ್ಲಾಕ ನಾ ಕೂದಲ ಬೆಳಿಲಿಲ್ಲಂದ್ರೂ ಹೋಗಿ ಕುಂದ್ರತಿದ್ದೆ. ಕುಸ್ತಿ ಆಡಿ ಆಡಿ ಅವನ ಕಿವಿ ಹಿಟ್ಟಿನ ಉಂಡಿ ಒತ್ತಿದಂಗ ಮುದ್ದಿ ಆಗಿದ್ವು. ನನ್ನ ಕಿವೀನೂ ಹಂಗ ಆಗಬೇಕಂತ ನಾ ದಿನಾ ಪರಸಿ ಗ್ವಾಡಿಗಿ ಕಿವಿ ತಿಕ್ಕತಿದ್ದೆ. ಒಂದಿನ ರಗತ ಬಂತು. ಅವ್ವ ಅರಿಶಿಣ ಹಚ್ಚಿ, ಮ್ಯಾಲ ಎರಡ ಬಿಗದಳು. ಸಾಲಿ ಏಳನೇತ್ತಕ್ಕ ಬಿಟ್ಟೆ. ಮಾಸ್ತರ ಯಾಕಲೇ ಅಂದ್ರ, ಪೈಲ್ವಾನ ಏನ್ ಕಲ್ತಾನ್ರಿ ಅಂದೆ.

ತಂಬಗಿ ಒಯ್ಯೋ ಕೆಲಸ ನಂದು. ತಾಲೀಮಿಗಿ, ಅಂದ್ರ ಗರಡಿ ಮನಿಗಿ, ಹೊತ್ತ ಮೂಡೋದ್ರಾಗ ಮುಟ್ಟಬೇಕು. ಒಳಗ ಕೆಂಪ ಮಣ್ಣು, ಎಣ್ಣಿ ಮಜ್ಜಿಗಿ ಅರಿಶಿಣ ಕಲಸಿದ್ದು, ಕಾಲಿಟ್ರ ಮೆತ್ತಗ ತಣ್ಣಗ. ಗ್ವಾಡಿ ಮ್ಯಾಲ ಹಣಮಪ್ಪನ ಪಟ. ಖಾಜಾಮಿಯಾ ಅಂತ ವಸ್ತಾದ, ಕುಸ್ತಿ ಕಲಿಸೋ ಗುರು, ಮೂಲ್ಯಾಗ ಕಟ್ಟಿ ಮ್ಯಾಲ ಕುಂದ್ರತಿದ್ದ. ಭೀಮಶಾನೂ ಅವನ ಕೈಯಾಗೇ ಬೆಳದಂವ. ನಾನು, ಸಿದ್ಯಾ ಇಬ್ಬರೂ ಅಲ್ಲಿ ಕಲಿಲತ್ತಿದ್ವಿ. ಒಂದಿನ ಭೀಮಶಾ ನಮಗಿಬ್ಬರಿಗಿ ಕುಸ್ತಿಗಿ ಹಚ್ಚಿ ನೋಡಿದ. ನಾ ಸಿದ್ಯಾಗ ಮೂರ ಸಲ ಕೆಡವಿದೆ. ಮೂರನೇ ಸಲ ಎದಿ ಮ್ಯಾಲ ಕುಂತು ಪೈಲ್ವಾನನ ಮಾರಿ ನೋಡಿದೆ. ಇನ್ನ ನನಗೇ ಕರೀತಾನ ಅಂತ.

“ಸಿದ್ಯಾ, ಏಳು. ಇವತ್ತಿಂದ ನನ್ನ ಮಾಲೀಸ್ ನೀನೇ ಮಾಡಬೇಕು.”

“ಗೆದ್ದಂವ ನಾನ್ರಿ ಪೈಲ್ವಾನ್ರ,” ಅಂದೆ.

“ಹೌದಪಾ, ಗೆದ್ದಿ. ನಿನ್ನ ಬಾಯಿ ಭಾಳ ಅದ. ಮಾಲೀಸಿಗಿ ಕೈ ಬೇಕು.”

ಎಲ್ಲರೂ ನಕ್ಕರು. ಸೋತಂವ ಅವನ ಭುಜ ಮುಟ್ಟಿದ, ಗೆದ್ದಂವ ಖಾಲಿ ತಂಬಗಿ ತಗೊಂಡ ಮನಿಗಿ ಬಂದ. ಆವತ್ತಿಂದ ನನ್ನ ಹೊಟ್ಯಾಗ ಒಂದ ಕೆಂಡ ಕುಂತಿತು. ಸಿದ್ಯಾ ಮನಿಗಿ ಬಂದ್ರ ಅವನ ಕೈ ಎಣ್ಣಿ ಎಣ್ಣಿ ನಾರ್ತಿತ್ತು. ಆ ಕೈಲೇ ರೊಟ್ಟಿ ಮುರೀತಿದ್ದ. ಪೈಲ್ವಾನ ಹಿಂಗಂದ, ಪೈಲ್ವಾನ ಹಂಗಂದ ಅಂತ ಅಪ್ಪಗ ಹೇಳ್ತಿದ್ದ, ಅಪ್ಪ ಉಣ್ಣೋದ ಬಿಟ್ಟು ಕೇಳ್ತಿದ್ದ. ನಾ ತಾಟಿನಾಗ ತೆಲಿ ಹಾಕಿ ಉಣ್ತಿದ್ದೆ. ಒಂದ ಸಲ ಅವ್ವನ ಕುಸಬಿ ಎಣ್ಣಿ ಡಬ್ಬಿ ಅರ್ಧ ಖಾಲಿ ಆಗಿತ್ತು. ಕೇಳಲಿಲ್ಲ ಏನಿಲ್ಲ, ನನಗೇ ಹಿಡದು ಹೊಡದಳು. ಮನ್ಯಾಗ ಏನ್ ಕಳದ್ರೂ ಅದು ನಾನೇ. ಸಿದ್ಯಾ ಅಲ್ಲೇ ಕುಂತು ನೋಡಿದ, ಬಾಯಿ ಬಿಡಲಿಲ್ಲ.

ಆ ವರ್ಷ ಪಂಚಮಿ ಮರುದಿನ ಕುಸ್ತಿ, ಗೆದ್ದಂವಗ ಬೆಳ್ಳಿ ಖಡೆ. ಎದುರಿನಂವ ನಾಲವಾರದ ಮೈಬೂಬ ಅಂತ. ಇಪ್ಪತ್ತರ ಪೋರ, ಉದ್ದಕ, ಎಲಬ ಕಾಣೋವಂಥ ಮೈ. ನಮ್ಮ ಮಂದಿ ಅವ ರೈಲ್ ಇಳಿಯೋದ ನೋಡೇ ನಕ್ಕಿದ್ರು. ಭೀಮಶಾನ ಪಾಲಿನ ಹಾಲ ಆ ದಿನ ಜಾಸ್ತಿ ಇತ್ತು, ನಾ ಎರಡನೇ ಸಲ ತಂಬಗಿ ಒಯ್ದಾಗ ಮಧ್ಯಾಹ್ನ ಆಗಿತ್ತು. ಮುಂದ ಮಂದಿ ಗದ್ದಲ ಅಂತ ತಾಲೀಮಿನ ಹಿಂದ ಹೋದೆ. ಕಿಟಕ್ಯಾಗ ಇಣಕಿದೆ. ಪೈಲ್ವಾನ ಜಳಕ ಮಾಡಿ ಕುಂತಿದ್ದ. ಸಿದ್ಯಾ ಅವನ ಕೊಳ್ಳಿಗಿ, ಭುಜಕ್ಕ, ರಟ್ಟಿಗಿ ಎಣ್ಣಿ ಹಚ್ಚಿ ತಿಕ್ಕಲತ್ತಿದ್ದ. ಬಾಜೂಕ ನಮ್ಮ ಮನಿ ಬಾಟಲಿ, ಅದರಾಗ ಅವ್ವನ ಡಬ್ಬ್ಯಾಗಿನ ಕುಸಬಿ ಎಣ್ಣಿ.

“ಒರಸ್ಲೇನ್ರಿ?” ಅಂದ ಸಿದ್ಯಾ.

“ಒರಸಬ್ಯಾಡ. ಇರಲಿ. ಶಾಣ್ಯಾ ಇದ್ದಿ ನನ ಮಗನ.”

ಮಾಲೀಸ್ ದಿನಾ ನಡಿಯೋದೇ. ಆದ್ರ ಕುಸ್ತಿಗಿ ಇಳಿಯೋ ಮುಂದ ಮೈ ಕಡ್ಲಿ ಹಿಟ್ಟ ಹಚ್ಚಿ ತೊಳದು, ಒಣಾ ಮೈಗಿ ಮಣ್ಣ ತಿಕ್ಕೊಂಡು ಇಳೀಬೇಕು. ಇದು ತಾಲೀಮಿಗಿ ಹೊಸದಾಗಿ ಬಂದ ಕೂಸಿಗೂ ಗೊತ್ತದ. ನನಗೂ ಗೊತ್ತಿತ್ತು. ಆದ್ರ ಆ ಗಳಿಗ್ಯಾಗ ನನ್ನ ತೆಲ್ಯಾಗ ಎಣ್ಣಿ ಇದ್ದಿಲ್ಲ. ‘ನನ ಮಗನ’ ಅಂದದ್ದೊಂದೇ ಇತ್ತು. ತಂಬಗಿ ಕಿಟಕ್ಯಾಗ ಇಟ್ಟು ಬಂದುಬಿಟ್ಟೆ.

ಕುಸ್ತಿ ಆತು. ಇಬ್ಬರೂ ಒಬ್ಬರ ಮ್ಯಾಲೊಬ್ಬರು ಮಣ್ಣ ಚೆಲ್ಲಿ ಕೈ ಹಚ್ಚಿದ್ರು. ಮೈಬೂಬ ಹಾವಿನಂಗ ಒಳಗ ಹೊಕ್ಕು ಪೈಲ್ವಾನನ ಕೊಳ್ಳ ಹಿಡದ. ಹಿಡದದ್ದು ಜಾರಿತು. ಮತ್ತ ಹಿಡದ, ಮತ್ತ ಜಾರಿತು. ನಮ್ಮ ಮಂದಿ ಸೀಟಿ ಹೊಡದ್ರು. ಮೂರನೇ ಸಲ ಭುಜ ಹಿಡದು ಎತ್ತಲಾಕ ಹೋದ, ಕೈ ಜಾರಿ ಬಂತು, ತನ್ನ ಜೋರಿಗಿ ತಾನೇ ಮೊಣಕೈ ಮ್ಯಾಲ ಬಿದ್ದ. ಟಕ್ ಅಂದದ್ದು ನನಗ ಕೇಳಸ್ತು. ಭೀಮಶಾ ಅವನ ಎದಿ ಮ್ಯಾಲ ಕುಂತ. ಹಲಗಿ ಬಡದ್ರು. ಅಪ್ಪ ನನಗ ಹೆಗಲ ಮ್ಯಾಲ ಹೊತಗೊಂಡು ಕುಣದ. ನಾನೂ ಒದರಿದೆ. ಒದರಕೋತ ಒದರಕೋತ ಆ ಎಣ್ಣಿ ಬಾಟಲಿ ನೆನಪಾತು. ಒದರೋದ ಬಿಡಲಿಲ್ಲ.

“ಇವನ ಮೈ ಜಾರತದ ವಸ್ತಾದ. ನೋಡ್ರಿ, ಎಣ್ಣಿ ಅದ,” ಅಂದ ಮೈಬೂಬ, ಮುರದ ಕೈ ಹಿಡಕೊಂಡು.

ವಸ್ತಾದ ಬಂದು ಭೀಮಶಾನ ಮೈ ಮುಟ್ಟಿ ನೋಡಿದ. ಅಷ್ಟೊತ್ತಿಗಿ ಮೈ ತುಂಬ ಮಣ್ಣು, ಬೆವರು. ಏನಂತ ತಿಳಿಬೇಕು. ಮಂದಿ ‘ಸೋತಂವ ನೆವ ಹೇಳ್ತಾನ’ ಅಂತ ಹೋ ಅಂದ್ರು. ಬೆಳ್ಳಿ ಖಡೆ ಭೀಮಶಾನ ಕೈಗಿ ಬಂತು, ತೆಲಿಗಿ ಗುಲಾಬಿ ಫೇಟಾ. ಮೆರವಣಿಗಿ ನಮ್ಮ ಓಣಿಗಿ ಬಂದಾಗ ಅವ್ವ ಆರತಿ ಹಿಡದು ನಿಂತಿದ್ಳು. ಭೀಮಶಾ ನಮ್ಮ ಬಾಗಿಲ ಮುಂದ ನಿಂತು, ಫೇಟಾ ಬಿಚ್ಚಿ ಅದರಲೇ ಕೊಳ್ಳ ಒರಸಗೊಂಡು, ಸಿದ್ಯಾನ ತೆಲಿಗಿ ಸುತ್ತಿದ. ಅಪ್ಪನ ಕಣ್ಣಾಗ ನೀರು. ನಾ ಎಮ್ಮಿ ಹಿಂದ ಹೋಗಿ ನಿಂತೆ.

ಎರಡ ದಿನಕ್ಕ ಸುದ್ದಿ ವಾಡಿಗಿ ಹೋತು, ಅಲ್ಲಿಂದ ಚಿತ್ತಾಪುರಕ್ಕ. ರೈಲಿನಾಗ ಬರೋ ಮಂದಿ ‘ಎಣ್ಣಿ ಪೈಲ್ವಾನ’ ಅನ್ಲತ್ತಿದ್ರು. ಟೇಶನ್ ಹೋಟೆಲಿನಾಗ ಒಬ್ಬ ಹಂಗಂದ ಅಂತ ಅವನ ಚಾದ ಕಪ್ಪು ಬಸಿ ನೆಲಕ್ಕ ಬಡದಂವ ನಾನೇ. ಎಣ್ಣಿ ಹಚ್ಚಿದ್ದು ನೋಡಿದಂವನೂ ನಾನೇ. ಇದು ಹೆಂಗಂತ ಕೇಳಬ್ಯಾಡ್ರಿ. ಹೊರಗಿನಂವ ಹಂಗ ಅಂದ್ರ ನನಗ ಮೈ ಉರೀತಿತ್ತು. ಮನಿಗಿ ಬಂದು ಗೂಟಕ್ಕ ಹಾಕಿದ ಫೇಟಾ ನೋಡಿದ್ರ ಪೈಲ್ವಾನನ ಮ್ಯಾಲೇ ಉರೀತಿತ್ತು. ಸಿದ್ಯಾ ಅದಕ್ಕ ಯಾರಿಗೂ ಮುಟ್ಟಗೊಡ್ತಿದ್ದಿಲ್ಲ. ಒಂದಿನ ಅವ್ವ ತೊಳಿಲಾಕ ತಗದಳು. ಒಂದ ಸೆರಗಿನಾಗ ಅಂಗೈ ಅಗಲ ಕಲಿ. ಮೂಸಿ ನೋಡಿದಳು. ಡಬ್ಬಿ ಕಡಿ ನೋಡಿದಳು. ಆಮ್ಯಾಲ ಸಿದ್ಯಾನ ಕಡಿ ನೋಡಿದಳು.

“ಇದು ಯಾರ ಮನಿ ಎಣ್ಣಿ?”

ಸಿದ್ಯಾ ಎದ್ದು ಎಮ್ಮಿ ಕಡಿ ಹೋದ. ಅಪ್ಪ ಚಾ ಕುಡಿಲತ್ತಿದ್ದ, ಅಂವ ಕೇಳಿದ್ರೂ ಕೇಳದಂಗ ಎದ್ದು ಖಣಿಗಿ ಹೋದ. ಅವ್ವ ಫೇಟಾ ತೊಳಿಲಿಲ್ಲ. ಹಂಗೇ ಮಡಚಿ ಗೂಟಕ್ಕ ಹಾಕಿದಳು. ಕುಸಬಿ ಎಣ್ಣಿ ಕಲಿ ತೊಳದ್ರ ಹೋಗಂಗಿಲ್ಲ, ಅದು ಆಕಿಗಿ ಗೊತ್ತಿತ್ತು.

ಎಂಟನೇ ದಿನ ಬೇಸ್ತವಾರ. ವಸ್ತಾದ ಎರಡೂ ಕಡಿ ಮಂದಿಗಿ ತಾಲೀಮಿಗಿ ಕರಸಿದ. ಮೈಬೂಬ ಕೈ ಕೊಳ್ಳಿಗಿ ಕಟಗೊಂಡು ಬಂದಿದ್ದ. ತಾಲೀಮಿನ ಕಾನೂನು ಹಿಂಗದ. ಕುಸ್ತಿ ಮ್ಯಾಲ ಸುಳ್ಳ ಅಪವಾದ ಹೊರಸಿದಂವ ಮುಂದ ಯಾವ ತಾಲೀಮಿನ ಮಣ್ಣೂ ಮುಟ್ಟಂಗಿಲ್ಲ. ಖರೇ ಅಂದ್ರ ಗೆದ್ದಂವ ಖಡೆ ಕೊಡಬೇಕು. ಹೇಳಾಂವ ಕೆಂಪ ಮಣ್ಣ ಮುಟಗ್ಯಾಗ ಹಿಡದು ಹೇಳಬೇಕು. ಮಣ್ಣ ಹಿಡದು ಸುಳ್ಳ ಹೇಳಿದ್ರ ಏನಾಗ್ತದಂತ ಯಾರೂ ಹೇಳಿದ್ದಿಲ್ಲ. ಯಾಕಂದ್ರ ಯಾರೂ ಹೇಳಿ ನೋಡಿದ್ದಿಲ್ಲ. ವಸ್ತಾದ ಮೊದಲ ಸಿದ್ಯಾಗ ಕರದ. ಮಾಲೀಸ್ ಮಾಡಾಂವ ಅವನೇ.

“ಕುಸ್ತಿ ದಿನ ಜಳಕ ಆದ ಮ್ಯಾಲ ಎಣ್ಣಿ ಹಚ್ಚಿದ್ಯೇನು ಬೇಟಾ?”

ಸಿದ್ಯಾ ಮುಟಗಿ ಬಿಗಿ ಹಿಡದಿದ್ದ. ಬೆರಳ ಸಂದ್ಯಾಗಿಂದ ಮಣ್ಣ ಉದರಲತ್ತಿತ್ತು. ಅವ ಭೀಮಶಾನ ಮಾರಿ ನೋಡಿದ. ಭೀಮಶಾ ಅವನ ಮಾರಿ ನೋಡಿದ. ನನ್ನ ಕಡಿ ಇಬ್ಬರೂ ನೋಡಲಿಲ್ಲ.

“ಇಲ್ರಿ. ಹಚ್ಚಿಲ್ಲ.”

ನಾಲವಾರದ ಮಂದಿ ತೆಲಿ ಕೆಳಗ ಹಾಕಿದ್ರು. ಮೈಬೂಬ ಎಡಗೈಲೇ ಒಂದ ಚಿಟಗಿ ಮಣ್ಣ ತಗೊಂಡು ಹಣಿಗಿ ಹಚಗೊಂಡ, ಮುಗೀತು ನಂದು ಅನ್ನಂಗ. ನಮ್ಮ ಮಂದಿ ಹಲಗಿ ಎತ್ತಿದ್ರು. ಭೀಮಶಾ ಸಿದ್ಯಾನ ಬೆನ್ನ ಮ್ಯಾಲ ಕೈ ಇಟ್ಟ. ಆ ಕೈ ನೋಡಿದೆ ನೋಡ್ರಿ, ನನ್ನ ಬಾಯಿ ತಾನೇ ತೆರೀತು.

“ಹಚ್ಚ್ಯಾನ್ರಿ! ನಾ ನೋಡೀನಿ!”

ಅಪ್ಪ ಹಿಂದಿಂದ “ಲೇ ನಾಗ್ಯಾ” ಅಂತ ನನ್ನ ಹೆಸರ ಹಿಡದು ಒದರಿದ. ವಸ್ತಾದ ಅಂವಗ ಕೈ ಮಾಡಿ ಸುಮ್ಮ ಕುಂದ್ರಿಸಿ, ನನಗ ಮುಂದ ಕರದು ನನ್ನ ಅಂಗೈಯಾಗ ಮಣ್ಣ ಹಾಕಿದ.

“ಎಲ್ಲಿಂದ ನೋಡಿದಿ?”

“ಹಿಂದಿನ ಕಿಟಕ್ಯಾಗಿಂದ. ಹಾಲ ತಂದಿದ್ದೆ.”

“ಯಾವ ಎಣ್ಣಿ?”

“ಕುಸಬಿದು. ನಮ್ಮ ಮನೀದೇ.”

“ಮತ್ತ ಎಂಟ ದಿನ ಬಾಯಿ ಯಾಕ ಮುಚಗೊಂಡಿದ್ದಿ?”

“ಪೈಲ್ವಾನ ನಮ್ಮಂವ ಅಂತ.”

“ಇವತ್ತ ನಿಮ್ಮಂವ ಅಲ್ಲೇನು? ಇವತ್ತ ಯಾಕ ಹೇಳ್ಲತ್ತಿ?”

ಮೈಬೂಬಗ ಅನ್ಯಾಯ ಆಗಬಾರದು ಅಂತ ಹೇಳಬಹುದಿತ್ತು. ಮಾತು ನಾಲಗಿ ತುದಿಗಿ ಬಂದಿತ್ತು. ಹೇಳಿದ್ರ ಎಲ್ಲರೂ ಶಾಣ್ಯಾ ಪೋರ ಅಂತಿದ್ರು. ಆದ್ರ ಅದು ಖರೇ ಇದ್ದಿಲ್ಲ. ಅವನ ಕೈ ಟಕ್ ಅಂದಾಗ ನಾ ಅಪ್ಪನ ಹೆಗಲ ಮ್ಯಾಲ ಕುಂತು ಒದರೀನಿ. ಅಂಗೈಯಾಗಿನ ಮಣ್ಣ ತಣ್ಣಗಿತ್ತು.

“ಹೊಟ್ಟಿಕಿಚ್ಚರಿ.”

“ಜೋರಾಗಿ ಹೇಳು.”

“ಹೊಟ್ಟಿಕಿಚ್ಚಿಗಿ ಹೇಳೀನಿ. ಅಣ್ಣನ ಮ್ಯಾಲ. ಪೈಲ್ವಾನ ಅವಗ ಫೇಟಾ ಕೊಟ್ಟ, ಮಗನ ಅಂದ. ದಿನಾ ಹಾಲ ತರಾಂವ ನಾನು. ನನಗ ಏನೂ ಅಂದಿಲ್ಲ.”

ಹೋ ಅಂತ ಮಂದಿ ನಕ್ಕರು. ಮಾರಿ ಎಲ್ಲಿಡಬೇಕು ತಿಳಿಲಿಲ್ಲ. ನಮ್ಮ ಕಡಿಯಂವ ಒಬ್ಬ ಎದ್ದು ನಿಂತ.

“ಕೇಳ್ದಿರಿಲ್ಲ ವಸ್ತಾದ? ಹೊಟ್ಟಿಕಿಚ್ಚಂತ. ಇಂಥವನ ಮಾತೇನ ಹಿಡೀತೀರಿ, ಬಿಡ್ರಿ.”

“ಕುಂದ್ರು ನೀ,” ಅಂದ ವಸ್ತಾದ. “ಸುಳ್ಳ ಹೇಳಾಂವ ಆಗಿದ್ರ ಛಲೋದೊಂದ ಕಾರಣ ಹೇಳ್ತಿದ್ದ. ಇಷ್ಟ ಮಂದ್ಯಾಗ ತನ್ನ ಮಾನ ತಾನೇ ಕಳಕೊಂಡಾನ. ಅದಕ್ಕೇ ನಾ ಇವನ ಮಾತ ಹಿಡೀತೀನಿ.”

ಭೀಮಶಾ ಎದ್ದ. ಖಡೆ ಬಿಗಿ ಕುಂತಿತ್ತು, ತಿರುವಿ ತಿರುವಿ ಬಿಚ್ಚಿದ. ಮಣ್ಣಾಗ ಇಟ್ಟ.

“ಪೋರ ಖರೇ ಹೇಳ್ಯಾನ. ಭುಜ ಸತ್ತು ಎರಡ ವರ್ಷ ಆತು ವಸ್ತಾದ, ಯಾರಿಗಿ ಹೇಳ್ಲಿ. ಸಿದ್ಯಾಂದೇನೂ ತಪ್ಪಿಲ್ಲ. ಅವಗ ಏನೂ ಅನಬ್ಯಾಡ್ರಿ.”

ಆಗೂ ಅವಗೇ. ಖಡೆ ಬಿಚ್ಚಿಟ್ಟು, ಊರ ಮುಂದ ಸಣ್ಣಂವ ಆಗಿ, ಆಗೂ ಅವನ ಬಾಯಾಗ ಸಿದ್ಯಾನೇ. ವಸ್ತಾದ ಖಡೆ ಒರಸಿ ಮೈಬೂಬನ ಎಡಗೈಗಿ ಹಾಕಿದ. ಮೈಬೂಬ ಹೋಗೋ ಮುಂದ ನನ್ನ ಮುಂದ ನಿಂತ. ನಾ ಅವನ ಮಾರಿ ನೋಡಲಿಲ್ಲ. ನೋಡೋವಂಥಾದ್ದು ನಾ ಏನ್ ಮಾಡೀನಿ.

ಆ ದಿನ ಸಿದ್ಯಾ ಗ್ವಾಡಿಗಿ ಮಾರಿ ಮಾಡಿ ಮಲಗಿದ. ಕೌದಿ ಪೂರಾ ನನ್ನ ಮ್ಯಾಲ ಹಾಕಿಬಿಟ್ಟಿದ್ದ, ಅವಗ ಬ್ಯಾಡಾಗಿತ್ತು. ಅವ್ವ ರೊಟ್ಟಿ ಬಡಕೋತ, ನನ್ನ ಕಡಿ ನೋಡದಂಗ ಒಂದ ಮಾತ ಅಂದಳು.

“ಆವತ್ತ ಎಣ್ಣಿ ಸಲುವಾಗಿ ನಿನಗ ಹೊಡದಿದ್ದೆ.”

ಅಷ್ಟೇ. ಮರುದಿನ ಮುಂಜಾನಿ ಅಪ್ಪ ಎಮ್ಮಿ ಹಿಂಡಿದ. ಮೊದಲ ತಂಬಗಿ ದಿನದಂಗ ಹೊಸ್ತಲ ಮ್ಯಾಲ ಇಟ್ಟ.

“ಇವತ್ತೂ ಕಳಸ್ತೀರೇನು?” ಅಂದಳು ಅವ್ವ.

“ಎಣ್ಣಿ ಹಚ್ಚಿದ, ಖಡೆ ಹೋತು, ಬರಾಬ್ಬರ್ ಆತು. ಹಾಲಂದ್ರ ನಾ ಮಾತ ಕೊಟ್ಟಿದ್ದು. ಅವ ಗೆದ್ದಾಗಷ್ಟೇ ಅಂತ ನಾ ಅಂದಿದ್ದಿಲ್ಲ.” ಆಮ್ಯಾಲ ನನ್ನ ಕಡಿ ತಿರುಗಿದ. “ಒಯ್ಯಿ. ದಿನಾ ಒಯ್ಯಾಂವ ನೀನೇ ಅಲಾ.”

ಭೀಮಶಾ ತಾಲೀಮಿಗಿ ಬಂದಿದ್ದಿಲ್ಲ. ಅವನ ಮನಿಗೇ ಹೋದೆ. ಅಂಗಳದಾಗ ಬರೇ ಮೈಲೇ ಕುಂತಿದ್ದ. ಬಲಗೈ ಮ್ಯಾಲ ಎತ್ತಲಾಕ ಬರಲಿಲ್ಲ, ಎಡಗೈಲೇ ತಂಬಗಿ ತಗೊಂಡ. ಕೆನ್ನಿಗಿ ಬೀಳ್ತದಂತ ನಾ ಹಲ್ಲ ಕಡದು ನಿಂತಿದ್ದೆ. ಅವ ಎತ್ತಿದ ತಂಬಗಿ ಇಳಸದಂಗ ಕುಡದು, ಮೀಸಿ ನೊರಿ ಒರಸಗೊಂಡು ಕೇಳಿದ.

“ಸಿದ್ಯಾ ಯಾಕ ಬರಲಿಲ್ಲ?”

“ಗೊತ್ತಿಲ್ರಿ.”

“ನಾ ಕರದೀನಂತ ಹೇಳು.”

ಒಂದ ಕಪಾಳಕ್ಕ ಬಿಗದಿದ್ರ ನನಗ ಹೊಟ್ಟಿ ತುಂಬ್ತಿತ್ತು. ಅವ ಬೈಯಲೂ ಇಲ್ಲ. ಮನಿಗಿ ಬಂದು ನಾ ಸಿದ್ಯಾಗ ಹೇಳಲಿಲ್ಲ. ಎರಡನೇ ದಿನಾನೂ ಅವ ಕೇಳಿದ, ಹೇಳ್ತೀನ್ರಿ ಅಂದೆ, ಹೇಳಲಿಲ್ಲ. ಮೂರನೇ ದಿನಾನೂ ಇಲ್ಲ. ಸಿದ್ಯಾ ಉಣ್ಣೋದ ಬಿಟ್ಟಿದ್ದ. ಪೈಲ್ವಾನ ತನ್ನ ಮಾರಿ ನೋಡಂಗಿಲ್ಲ ಅಂತ ತಿಳಕೊಂಡಿದ್ದ. ನಾ ಅದನ್ನ ನೋಡಕೋತ ರೊಟ್ಟಿ ತಿಂದೆ. ನಾಕನೇ ದಿನ ಹೊಸ್ತಲ ಮ್ಯಾಲಿನ ತಂಬಗಿ ಎತ್ತಿ ಅವನ ಮುಂದ ಹಿಡದೆ.

“ಹೋಗು. ನಿನಗೇ ಕರಿಲತ್ತಾನ.”

“ಯಾವಾಗಿಂದ?”

“ಮೊದಲನೇ ದಿನದಿಂದ.”

ಬಡೀತಾನ ಅಂತ ತಿಳಕೊಂಡಿದ್ದೆ. ತಂಬಗಿ ಕಸಗೊಂಡು, ಹಾಲ ತುಳಕೋದೂ ನೋಡದಂಗ ಓಡಿದ. ಪರಸಿ ಮ್ಯಾಲ ಬಾಗಿಲಿನ ತನಕ ಬೆಳ್ಳಗ ಹನಿ ಬಿದ್ದಿದ್ವು. ಅವ್ವ ಅರಿವಿ ತಂದು ಒರಸಿ, ನನ್ನ ಮುಂದ ಕರಿ ಚಾ ಇಟ್ಟಳು. ನಾ ದಾರಿ ಕಡಿ ನೋಡಕೋತ ಕುಡದೆ. ಬೆಲ್ಲ ಎರಡ ಪಟ್ಟ ಹಾಕಿದ್ಳು. ಆದ್ರೂ ಒಗರ ಹತ್ತಿತು.